ಊರು ಬಿಟ್ಟವರ ಕಾದಂಬರಿಕಾರ: ಕೋಟದ ಶಿವರಾಮ ಕಾರಂತರು

ಥಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಕನ್ನಡಿಗರ ಸಂಘದ ವಾರ್ಷಿಕೋತ್ಸವವೊಂದು ನಡೆದರೆ, ಊರಿನಿಂದ ಬಂದ ಅತಿಥಿಗಳು ಎರಡು ಪದಗಳನ್ನು ನಮ್ಮ ಮುಂದಿರಿಸಿ ಹೋಗುವುದು ವಾಡಿಕೆಯೇ ಆಗಿಬಿಟ್ಟಿದೆ. ಮರಳಿ ಮಣ್ಣಿಗೆ ಎಂಬುವೇ ಆ ಎರಡು ಪದಗಳು. ಕಾರಂತರೇ ಹೀಗೆ ಬರೆದಿರುವಾಗ ನೀವು ಈ ಇಕ್ಕಟ್ಟಿನ ಊರಿನಲ್ಲಿ ಏಕೆ ಬಿದ್ದಿರುವಿರಿ ಎಂಬುದು ಆ ಮಾತಿನ ಧ್ವನಿ. ಸಭಿಕರು ಚಪ್ಪಾಳೆ ತಟ್ಟುತ್ತಾರೆ; ಆಮೇಲೆ ಕಡೆಯ ಲೋಕಲ್ ಗಾಡಿ ತಪ್ಪೀತೆಂದು ಎದ್ದು ಹೋಗುತ್ತಾರೆ. ಆ ಗಾಡಿಯಲ್ಲಿ ಕುಳಿತ ಗುಮಾಸ್ತನಿಗೂ ಬಾಗಿಲ ಬಳಿ ನಿಂತ ಹೋಟೆಲಿನ ಮಾಣಿಗೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿರುತ್ತದೆ. ತಾನು ಊರು ಬಿಟ್ಟುದು ಬೆಳವಣಿಗೆಯೋ ಅಥವಾ ಬರಿಯ ಅಲೆತವೋ ಎಂಬ ಮುಳ್ಳು ಅದು.

ಆ ಹೆಸರಿನ ಕಾದಂಬರಿಯನ್ನು ಬರೆದ ಡಾ. ಶಿವರಾಮ ಕಾರಂತರು ತೀರಿಕೊಂಡು ಕಾಲು ಶತಮಾನಕ್ಕೂ ಮಿಕ್ಕಿದೆ. ಅವರ ಬಾಳನ್ನೂ, ಅವರ ಕಾದಂಬರಿಗಳಲ್ಲಿ ಮತ್ತು ಅವುಗಳಿಂದಾದ ಚಲಚ್ಚಿತ್ರಗಳಲ್ಲಿ ಬರುವ ಪ್ರಯಾಣಗಳನ್ನೂ ಒಟ್ಟಿಗೆ ಇರಿಸಿ ನೋಡಿದರೆ, ಅವರು ನಮ್ಮನ್ನು ಅಷ್ಟು ಸುಲಭವಾಗಿ ಗದರಿಸಿದವರಲ್ಲವೆಂಬುದು ತಿಳಿಯುತ್ತದೆ. ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬರಬೇಕು.

ಕಾರಂತರು ಹುಟ್ಟಿದುದು 1902ನೆಯ ಇಸವಿ ಅಕ್ಟೋಬರ್ 10ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಆಗ ಆ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದುದಾಗಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವೆ ಒಂದರ ಹಿಂದೊಂದರಂತೆ ಹೊಳೆಗಳು. ಸೇತುವೆಗಳಿಲ್ಲದ ಕಾಲವಾದುದರಿಂದ ಕೋಟದಿಂದ ಮಂಗಳೂರಿಗೆ ಹೋಗಬೇಕಾದವನು ದಾರಿಯಲ್ಲಿ ಹೊಳೆಹೊಳೆಗೂ ದೋಣಿ ಹತ್ತಿ ಇಳಿಯಬೇಕಾಗಿತ್ತು. ಹೊರಡುವುದೆಂಬುದು ಆಗ ಹುಡುಗಾಟದ ಮಾತಾಗಿರಲಿಲ್ಲ. ಹೊರಟವನನ್ನು ಮನೆಮಂದಿಯೆಲ್ಲ ಗದ್ದೆಯಂಚಿನವರೆಗೆ ಬಂದು ಬೀಳ್ಕೊಡುತ್ತಿದ್ದರು.

ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದ ಈ ತರುಣರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಯನ್ನು ಕೇಳಿ ಓದನ್ನು ಅರ್ಧದಲ್ಲಿಯೇ ಬಿಟ್ಟರು. ಪದವಿಯ ಆಸೆ ಅಲ್ಲಿಗೆ ತೀರಿತು. ಮುಂದೆ ಹಲವು ವಿಶ್ವವಿದ್ಯಾಲಯಗಳು ತಾವಾಗಿಯೇ ಕರೆದು ಗೌರವ ಡಾಕ್ಟರೇಟ್ ಪದವಿಗಳನ್ನು ಕೊಟ್ಟುವೆಂಬುದು ಬೇರೆ ಮಾತು. ಎಸ್.ಎಸ್.ಎಲ್.ಸಿ.ಯಲ್ಲಿಯೇ ನಿಂತುಹೋದ ನಮ್ಮಂಥವರಿಗೆ ಈ ಸಂಗತಿಯು ಒಂದು ಬಗೆಯ ಸಮಾಧಾನವನ್ನು ಕೊಡುತ್ತದೆ ಎಂದರೆ ವಾಚಕರು ನಗಬಾರದು.

ಅಲ್ಲಿಂದ ಕಾರಂತರ ತಿರುಗಾಟವು ಮೊದಲಾಯಿತು. ಸುಮಾರು ಐದು ವರ್ಷಗಳ ಕಾಲ ಖಾದಿ, ಸ್ವದೇಶಿಗಳ ಪ್ರಚಾರಕ್ಕಾಗಿ ಅವರು ಊರೂರು ಅಲೆದರು. ವಿಧವೆಯರಿಗೂ ವೇಶ್ಯಾವೃತ್ತಿಯಲ್ಲಿ ಸಿಕ್ಕಿಬಿದ್ದ ಹೆಣ್ಣುಮಕ್ಕಳಿಗೂ ಮದುವೆ ಮಾಡಿಸಿ ಹೊಸ ಬಾಳು ಕಟ್ಟಿಕೊಡಲು ಹೆಣಗಿದರು. ಕುಂದಾಪುರದಿಂದ ವಸಂತ ಎಂಬ ಪತ್ರಿಕೆಯನ್ನು ಹೊರಡಿಸಿದರು. ಹೊರಟಾಗ ಅವರ ಕೈಯಲ್ಲಿದ್ದುದು ಉಪದೇಶದ ಗಂಟು. ಲೋಕವನ್ನು ತಿದ್ದುವೆನೆಂಬ ಹಟ. ಆದರೆ ಮನೆಮನೆಯ ಜಗಲಿಯಲ್ಲಿ ಕುಳಿತು ಜನರ ಬಾಳನ್ನು ಕಂಡಂತೆಲ್ಲ ಆ ಗಂಟು ಹಗುರವಾಗುತ್ತ ಬಂದಿತು. ತಿದ್ದಹೊರಟವನು ಮೊದಲು ನೋಡಬೇಕು, ಕೇಳಬೇಕು, ತಿಳಿಯಬೇಕು ಎಂಬುದು ಆ ಅಲೆದಾಟದ ಗಳಿಕೆ. ದೇಶಭಕ್ತಿಯ ಪದ್ಯಗಳನ್ನೂ ಪತ್ತೇದಾರಿಯ ಕಥೆಗಳನ್ನೂ ಬರೆಯುತ್ತಿದ್ದ ಲೇಖನಿಯಿಂದ ಕೆಲವೇ ವರ್ಷಗಳಲ್ಲಿ ಚೋಮನ ದುಡಿಯಂತಹ ಕೃತಿಯು ಹೊರಬಂದುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಆಮೇಲೆ ಅವರು ನೆಲೆಸಿದುದು ಪುತ್ತೂರಿನಲ್ಲಿ. ಅಲ್ಲಿ ಬಾಲವನವೆಂಬ ಮಕ್ಕಳ ಕೂಟವನ್ನು ಕಟ್ಟಿ, ಆಟ, ಹಾಡು, ಕುಣಿತಗಳ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ದೊಡ್ಡ ಸಂಪುಟಗಳನ್ನು ಬರೆದರು. ಮುದ್ರಣಾಲಯವನ್ನು ಇಟ್ಟರು. 1930ರ ಸುಮಾರಿಗೆ ಮೂಕಿ ಚಿತ್ರಗಳನ್ನು ತಯಾರಿಸುವ ಸಾಹಸಕ್ಕೂ ಕೈಯಿಕ್ಕಿದರು. 1936ರಲ್ಲಿ ಬಂಟ ಸಮಾಜದ ಲೀಲಾ ಆಳ್ವರನ್ನು ವಿವಾಹವಾದರು. ಕೋಟದ ಬ್ರಾಹ್ಮಣ ಮನೆತನದ ಮಗನು ಹೀಗೆ ಮಾಡಿದುದು ಅಂದಿನ ಜನಕ್ಕೆ ನುಂಗಲಾರದ ತುತ್ತಾಗಿತ್ತು. ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ, ಕಾರಂತರ ಉದ್ಯಮಗಳಲ್ಲಿ ಹೆಚ್ಚಿನವು ಸಂಜೆಗೆ ಗಲ್ಲಾ ಎಣಿಸುವಾಗ ನಷ್ಟವನ್ನೇ ತೋರಿಸಿದಂಥವು. ಆದರೂ ಅವರು ಸಂಬಳದ ಕೆಲಸಕ್ಕೆ ಕುಳಿತವರಲ್ಲ. ತಮ್ಮ ಸೋಲುಗಳನ್ನು ಬಚ್ಚಿಟ್ಟವರೂ ಅಲ್ಲ. 1948ರಲ್ಲಿ ಬಂದ ಅವರ ಆತ್ಮಕಥೆಗೆ ಹುಚ್ಚು ಮನಸ್ಸಿನ ಹತ್ತು ಮುಖಗಳು ಎಂದು ಹೆಸರಿಟ್ಟುದರಲ್ಲಿಯೇ ಆ ದಿಟ್ಟತನವಿದೆ.

ಈಗ ಅವರ ಕೃತಿಗಳಲ್ಲಿ ಊರು ಬಿಟ್ಟು ಹೊರಟವರ ಕಡೆಗೆ ಬರೋಣ. ಮೊದಲನೆಯದು ಚೋಮನ ದುಡಿ, 1933ರ ಕಾದಂಬರಿ. ಇದರಲ್ಲಿ ಪ್ರಯಾಣವಿರುವುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಸ್ವಂತಕ್ಕೊಂದು ತುಂಡು ನೆಲವನ್ನು ಉಳಬೇಕೆಂಬ ಆಸೆಯನ್ನು ಹೊತ್ತ ಚೋಮನೆಂಬ ಹೊಲೆಯಾಳು ತಾನು ಎಲ್ಲಿಗೂ ಹೋಗುವುದಿಲ್ಲ. ಆದರೆ ಅವನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ತೋಟದ ಸಾಲವನ್ನು ಮೈಮುರಿದು ತೀರಿಸುವುದಕ್ಕಾಗಿ ಆ ಪ್ರಯಾಣ. ಹೋದ ಮಗನೊಬ್ಬನು ಜ್ವರವನ್ನು ಹೊತ್ತು ಬಂದು ಸಾಯುತ್ತಾನೆ. ಇನ್ನೊಬ್ಬನು ಅಲ್ಲಿಯ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಹಿಂದಿರುಗುವುದೇ ಇಲ್ಲ. ಮತ್ತೆ ಮಗಳು ಬೆಳ್ಳಿಯ ಸರದಿ. ಅವಳಿಗೆ ಅಲ್ಲಿ ಒದಗಿದ ದುರ್ಗತಿಯನ್ನು ಓದಿದವರು ಬಲ್ಲರು. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಚಲಚ್ಚಿತ್ರವಾಗಿ ಮಾಡಿದಾಗ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವೂ, ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ದೊರೆತುವು.

ಟಿಕೆಟು ಬೇರೆಯವನ ಕೈಯಲ್ಲಿರುವ ಪ್ರಯಾಣದಿಂದ ಯಾರೂ ಬೆಳೆಯಲಾರರೆಂಬುದನ್ನು ಕಾರಂತರು ಅಲ್ಲಿ ಮರೆಯಿಲ್ಲದೆ ತೋರಿಸಿದ್ದಾರೆ. ಊರಿನ ಮನೆಗೆ ಮುಂಗಡವಾಗಿ ಹಣ ಕೊಟ್ಟು ಕರೆತಂದ ಹುಡುಗರನ್ನು ನಮ್ಮ ಹೋಟೆಲಿನ ಹಿಂಬದಿಗಳು ಹಿಂದೆ ಕಂಡಿದ್ದವು. ತಟ್ಟೆ ಲೋಟ ತೊಳೆದು ತೊಳೆದು ಬೆರಳ ಸಂದಿ ಕೊಳೆತ ಆ ಕೈಗಳನ್ನು ನೋಡಿದವರಿಗೆ ಬೆಳ್ಳಿಯ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸಕ್ಕೂ ಇರಿಸಿಕೊಳ್ಳಬಾರದೆಂಬ ಕೇಂದ್ರ ಸರಕಾರದ ನಿಷೇಧವು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ಅದು ಕಾರಂತರು ಹುಟ್ಟಿದ ತಾರೀಕೇ ಆಗಿರುವುದು ಕೇವಲ ಆಕಸ್ಮಿಕ. ಆದರೂ ನಮಗೆ ಅದು ನೆನಪಿನಲ್ಲಿ ಉಳಿದುಬಿಟ್ಟಿದೆ.

ಇನ್ನು ಮರಳಿ ಮಣ್ಣಿಗೆ. 1941ರ ಈ ಕಾದಂಬರಿಯ ಬಗ್ಗೆ ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಇದರ ಹೆಸರಷ್ಟೇ ಊರಿನಲ್ಲಿ ತಿರುಗುತ್ತಿದೆ, ಕಥೆಯು ಕಪಾಟಿನಲ್ಲಿದೆ. ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಕೋಡಿಯೆಂಬ ಹಳ್ಳಿಯಲ್ಲಿ ಪುರೋಹಿತ ರಾಮ ಐತಾಳರ ಮನೆ. ಮೂರು ತಲೆಮಾರುಗಳ ಕಥೆ. ಪಾರೋತಿ, ಸರಸೋತಿ ಎಂಬ ಹೆಂಗಸರು ಆ ಮನೆಯನ್ನು ಹೊತ್ತವರು. ಗದ್ದೆಯ ಕೆಲಸ, ಹಟ್ಟಿಯ ಕೆಲಸ, ನೆರೆಯಲ್ಲಿ ತೇಲಿಬಂದ ಕಟ್ಟಿಗೆಯನ್ನು ಹಿಡಿದು ಎಳೆದು ತರುವ ಕೆಲಸ, ಒಂದೇ ಎರಡೇ! ನಮ್ಮಲ್ಲಿ ಯಾರ ಮನೆಯಲ್ಲಿಯಾದರೂ ಇಂತಹ ಒಬ್ಬ ಅಜ್ಜಿಯಿಲ್ಲದಿದ್ದರೆ ಅವನು ಕರಾವಳಿಯವನೇ ಅಲ್ಲವೆನ್ನಬೇಕು.

ಈ ಕಥೆಯಲ್ಲಿ ಹೊರಡುವವರು ಮೂರು ಬಗೆಯವರು. ನೆರೆಯ ಶೀನಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣವಂತರಾಗುತ್ತಾರೆ. ಅನ್ನವನ್ನು ಮಾರುವುದು ಹೀನವೆಂದು ಪುರೋಹಿತರ ಮನೆಗಳು ಎಣಿಸುತ್ತಿದ್ದ ಕಾಲವದು. ಅವರ ಸಿರಿಯನ್ನು ಕಂಡು ಐತಾಳರ ಎದೆಯಲ್ಲಿ ಪೈಪೋಟಿಯ ಕಿಚ್ಚು ಹತ್ತುತ್ತದೆ. ಹೋಟೆಲಿನ ಹಣದಿಂದ ಊರಿನಲ್ಲಿ ಮನೆಯ ಮಾಡು ಎತ್ತರವಾಗುವುದನ್ನೂ, ಅದನ್ನು ನೋಡಿ ನೆರೆಮನೆಯು ನಿದ್ದೆಗೆಡುವುದನ್ನೂ ಕನ್ನಡದಲ್ಲಿ ಇಷ್ಟು ಮುಂಚೆಯೇ ಇಷ್ಟು ನಿಷ್ಠುರವಾಗಿ ಬರೆದವರನ್ನು ನಾವು ಕಾಣೆವು. ಓದುವಾಗ ನಮಗೆ ಒಳಗೊಳಗೆ ಕಸಿವಿಸಿಯಾದುದೂ ಉಂಟು.

ಎರಡನೆಯವನು ಐತಾಳರ ಮಗ ಲಚ್ಚ. ಇಂಗ್ಲಿಷ್ ಕಲಿತು ದೊಡ್ಡ ಮನುಷ್ಯನಾಗಲೆಂದು ತಂದೆ ಅವನನ್ನು ಪೇಟೆಗೆ ಕಳುಹಿಸುತ್ತಾರೆ. ಅವನು ಕಲಿತುದು ಜೂಜು, ಹೆಣ್ಣಿನ ಚಟ, ಸುಳ್ಳು. ಹೆಂಡತಿ ನಾಗವೇಣಿಯನ್ನು ಕಣ್ಣೀರಿನಲ್ಲಿ ಕೈತೊಳೆಯುವಂತೆ ಮಾಡಿ, ಇದ್ದ ಆಸ್ತಿಯನ್ನೆಲ್ಲ ಕರಗಿಸುತ್ತಾನೆ. ಇವನೂ ಊರಿಗೆ ಮರಳಿದವನೇ ಎಂಬುದನ್ನು ವೇದಿಕೆಯ ಅತಿಥಿಗಳು ಮರೆಯುತ್ತಾರೆ. ಒಂದು ಸಲವಲ್ಲ, ಹಣ ಬೇಕಾದಾಗಲೆಲ್ಲ ಮರಳಿ ಬಂದವನು ಲಚ್ಚ. ಮಣ್ಣಿಗೆ ಮರಳಿದ ಮಾತ್ರಕ್ಕೆ ಮನುಷ್ಯನು ದೊಡ್ಡವನಾಗುವನೆಂದಿದ್ದರೆ ಲಚ್ಚನಿಗಿಂತ ದೊಡ್ಡವರು ಯಾರು?

ಮೂರನೆಯವನು ಲಚ್ಚನ ಮಗ, ತಾತನ ಹೆಸರನ್ನೇ ಹೊತ್ತ ರಾಮ. ತಾಯಿಯ ಕಷ್ಟವನ್ನು ಕಂಡು ಬೆಳೆದವನು, ಸಂಗೀತದಲ್ಲಿ ಮನಸ್ಸುಳ್ಳವನು. ಮದರಾಸಿನಲ್ಲಿ ಓದುತ್ತಾನೆ, ಸ್ವಾತಂತ್ರ್ಯ ಚಳವಳಿಗೆ ಇಳಿದು ಸೆರೆಮನೆಯನ್ನು ಕಾಣುತ್ತಾನೆ, ಪದವಿ ಪಡೆದೂ ಕೆಲಸವಿಲ್ಲದೆ ಅಲೆಯುತ್ತಾನೆ. ಕೊನೆಗೆ ಮುಂಬಯಿಗೂ ಬರುತ್ತಾನೆ. ಕರಾವಳಿಯ ಜನರು ಆ ಕಾಲದಲ್ಲಿ ಮುಂಬಯಿಗೆ ಬರುತ್ತಿದ್ದುದು ಮಂಗಳೂರಿನಿಂದ ಹಡಗು ಹತ್ತಿ. ಇಲ್ಲವೆ ಘಟ್ಟ ದಾಟಿ, ಹುಬ್ಬಳ್ಳಿ, ಮೀರಜ, ಪುಣೆಗಳ ಮೂಲಕ ರೈಲಿನಲ್ಲಿ. ಹಾಗೆ ರೈಲಿನಲ್ಲಿ ಬಂದವರಿಗೆಲ್ಲ ಮಹಾನಗರದ ಮೊದಲ ಬಾಗಿಲು ನಮ್ಮ ಕಲ್ಯಾಣವೇ ಆಗಿತ್ತು. ಕಲ್ಯಾಣದಲ್ಲಿ ಗಾಡಿ ನಿಂತಾಗ ಹಾಸಿಗೆ ಸುತ್ತಿಕೊಂಡು, ಎದೆ ಡವಗುಟ್ಟುತ್ತ, ವಿಳಾಸದ ಚೀಟಿಯನ್ನು ಮತ್ತೊಮ್ಮೆ ಕಿಸೆಯಲ್ಲಿ ಮುಟ್ಟಿ ನೋಡಿಕೊಂಡವರ ಮಕ್ಕಳು ಮೊಮ್ಮಕ್ಕಳು ಈ ಅಂಕಣವನ್ನು ಓದುತ್ತಿದ್ದಾರೆ.

ರಾಮನು ಊರಿಗೆ ಮರಳುವನೆಂಬುದು ನಿಜ. ಆದರೆ ಹೋದ ರಾಮನೇ ಮರಳಿದನೆನ್ನಲಾಗುವುದಿಲ್ಲ. ಮದರಾಸು, ಸೆರೆಮನೆ, ಮುಂಬಯಿ ಈ ಮೂರರಲ್ಲಿ ಬೆಂದು ಬಂದುದರಿಂದಲೇ ಅವನಿಗೆ ಕೋಡಿಯ ಕಡಲು ಕಡಲಾಗಿ ಕಂಡಿತು. ತಾಯಿಯ ಹಾಗೂ ಅಜ್ಜಿಯಂದಿರ ದುಡಿಮೆಯ ಬೆಲೆ ತಿಳಿಯಿತು. ಕೋಡಿಯಲ್ಲಿಯೇ ಕುಳಿತಿದ್ದ ಐತಾಳರಿಗೆ ಅದೇ ಹೆಂಗಸರು ಅದೇ ಮನೆಯಲ್ಲಿ ದುಡಿಯುತ್ತಿದ್ದರೂ ಆ ಬೆಲೆ ತಿಳಿದಿರಲಿಲ್ಲವಷ್ಟೆ. ಕಿಂಬಹುನಾ, ಹೊರಡದೆ ಇದ್ದಿದ್ದರೆ ರಾಮನು ಇನ್ನೊಬ್ಬ ಐತಾಳನಾಗುತ್ತಿದ್ದನು. ಕಣ್ಣು ಮುಚ್ಚಿಕೊಂಡು ಹೊರಟಿದ್ದರೆ ಇನ್ನೊಬ್ಬ ಲಚ್ಚನಾಗುತ್ತಿದ್ದನು. ಹೀಗಿರುವಾಗ ಆ ಕಾದಂಬರಿಯ ಹೆಸರನ್ನು ಮುಂಬಯಿಯ ಕನ್ನಡಿಗರನ್ನು ಬಯ್ಯುವುದಕ್ಕೆ ಬಳಸುವುದು ತಕ್ಕಡಿಯನ್ನು ಬಡಿಗೆಯಾಗಿ ಬಳಸಿದಂತೆ ಎಂಬುದು ನಮ್ಮ ಅಭಿಮತ.

ಹಾಗೆಂದು ಹೊರಟವರನ್ನು ಕಾರಂತರು ಮುದ್ದು ಮಾಡಿದವರೂ ಅಲ್ಲ. ಅದನ್ನು ತಿಳಿಯಬೇಕಾದರೆ 1943ರ ಬೆಟ್ಟದ ಜೀವವನ್ನು ಓದಬೇಕು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಪಯಣಿಗನು ಕೆಳಬೈಲಿನ ಗೋಪಾಲಯ್ಯನವರ ಮನೆಯಲ್ಲಿ ತಂಗುತ್ತಾನೆ. ಗೋಪಾಲಯ್ಯನವರು ಕಾಡನ್ನು ಕಡಿದು ತೋಟವೆಬ್ಬಿಸಿದ ಮುದುಕರು. ಮಾತೆಂದರೆ ಮಾತು, ಊಟವೆಂದರೆ ಊಟ, ನಗೆಯೆಂದರೆ ನಗೆ. ಆದರೆ ಮಗನ ಮಾತು ಬಂದಾಗ ಆ ಮನೆ ತಣ್ಣಗಾಗುತ್ತದೆ. ಶಂಭುವೆಂಬ ಅವರ ಮಗನು ಮನೆ ಬಿಟ್ಟು ಹೋದವನು ಹಿಂದಿರುಗಿ ನೋಡಿಲ್ಲ. ಶಂಕರಮ್ಮನವರು ಬಂದ ಅತಿಥಿಯ ಮುಖದಲ್ಲಿಯೇ ಮಗನನ್ನು ಕಾಣಲು ಯತ್ನಿಸುತ್ತಾರೆ. ಹೊರಟವನ ಕಥೆಯನ್ನು ಉಳಿದವರ ಕಣ್ಣಿನಿಂದ ಹೇಳಿದ ಪುಸ್ತಕವಿದು. ಪಿ. ಶೇಷಾದ್ರಿಯವರು ಇದನ್ನು ಚಲಚ್ಚಿತ್ರವಾಗಿ ಮಾಡಿ, ಅದು 2011ರಲ್ಲಿ ತೆರೆಕಂಡಿತು. ಗೋಪಾಲಯ್ಯನವರಾಗಿ ದತ್ತಾತ್ರೇಯರು ಅಭಿನಯಿಸಿದರು. ಊರಿನಲ್ಲಿ ಮುದಿ ತಂದೆತಾಯಿಗಳನ್ನು ಬಿಟ್ಟುಬಂದವರು ಆ ಚಿತ್ರವನ್ನು ಒಂಟಿಯಾಗಿ ಕುಳಿತು ನೋಡದಿರುವುದೇ ಲೇಸು.

ಇನ್ನೊಂದು ಚಿತ್ರವು ನವಿಮುಂಬಯಿಯ ಎತ್ತರದ ಕಟ್ಟಡಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾಗಿಯೇ ತೆಗೆದಂತಿದೆ. ಅದು ಚಿಗುರಿದ ಕನಸು. ಕಾದಂಬರಿಯು 1951ರದು, ಟಿ.ಎಸ್. ನಾಗಾಭರಣರು 2003ರಲ್ಲಿ ಶಿವರಾಜಕುಮಾರರನ್ನು ನಾಯಕನನ್ನಾಗಿಸಿ ಚಿತ್ರಿಸಿದರು. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ಶಂಕರನೆಂಬ ತರುಣನಿಗೆ ತನ್ನ ಮನೆತನದ ಮೂಲವು ದೂರದ ದಕ್ಷಿಣದಲ್ಲಿ, ಬಂಗಾಡಿಯೆಂಬ ಹಳ್ಳಿಯಲ್ಲಿದೆಯೆಂದು ತಿಳಿಯುತ್ತದೆ. ಅವನು ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ಕಡೆಗೆ ಅಲ್ಲಿಯೇ ನೆಲವನ್ನು ಹಸನು ಮಾಡಲು ನಿಲ್ಲುತ್ತಾನೆ. ಶಂಕರನ ಪಾಲಿಗೆ ಇದು ಮರಳುವಿಕೆಯಲ್ಲವೆಂಬುದನ್ನು ಗಮನಿಸಬೇಕು. ಎಂದೂ ಕಾಣದ ಊರಿಗೆ ಮರಳುವುದೆಂತು? ಅವನಿಗೆ ಅದು ಹೊಸ ಊರೇ. ತಾತನು ಹೊಟ್ಟೆಪಾಡಿಗಾಗಿ ಬಿಟ್ಟ ಊರು ಮೊಮ್ಮಗನಿಗೆ ಸಾಹಸದ ಊರಾಗಿ ಒದಗುವ ಈ ಸೋಜಿಗವನ್ನು ಕಾರಂತರು ಎಪ್ಪತ್ತು ವರ್ಷಗಳಿಗೂ ಹಿಂದೆ ಕಂಡಿದ್ದರು. ವಾಶಿಯಲ್ಲಿಯೋ ನೆರುಳಿನಲ್ಲಿಯೋ ಹುಟ್ಟಿ, ಮರಾಠಿ ಹಿಂದಿಗಳನ್ನು ನೀರು ಕುಡಿದಂತೆ ಮಾತಾಡಿ, ಮನೆದೇವರ ಊರಿನ ಹೆಸರನ್ನು ಮಾತ್ರ ತಡವರಿಸಿ ಹೇಳುವ ಮಕ್ಕಳಿಗೆ ಊರಿಗೆ ಮರಳಿರೆಂದರೆ ಏನೂ ಅರ್ಥವಾಗದು. ಒಮ್ಮೆ ಹೋಗಿ ನೋಡಿ ಬನ್ನಿರೆಂದರೆ ಅರ್ಥವಾದೀತು. ಕಥೆಯ ಕೊನೆಯಲ್ಲಿ ಶಂಕರನು ಊರಿನಲ್ಲಿಯೇ ನಿಂತುದು ನಮಗೆ ಸ್ವಲ್ಪ ಅವಸರದ ತೀರ್ಮಾನದಂತೆ ತೋರುತ್ತದೆ. ಆದರೆ ಅದು ಓದುಗನ ಹಕ್ಕಿನ ಮಾತು.

ನಮ್ಮ ಮಟ್ಟಿಗೆ ಹೇಳುವುದಾದರೆ, ಕಾರಂತರ ಪುಸ್ತಕಗಳಲ್ಲಿ ಮುಂಬಯಿಯ ಕನ್ನಡಿಗನು ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಳ್ಳಬೇಕಾದುದು ಮರಳಿ ಮಣ್ಣಿಗೆ ಅಲ್ಲ. 1960ರಲ್ಲಿ ಬಂದ ಅಳಿದ ಮೇಲೆ. ಮುಂಬಯಿಯಲ್ಲಿ ಒಂಟಿಯಾಗಿ ಬಾಳಿದ ಯಶವಂತರಾಯನೆಂಬವನು ಒಂಟಿಯಾಗಿಯೇ ತೀರಿಕೊಳ್ಳುತ್ತಾನೆ. ಅವನ ಹಣ, ಬರಹ, ಚಿತ್ರಗಳೆಲ್ಲವೂ ಕಥೆಯನ್ನು ಹೇಳುವ ಸ್ನೇಹಿತನ ಪಾಲಿಗೆ ಬರುತ್ತವೆ. ಆ ಸ್ನೇಹಿತನು ಬೇರೆ ಯಾರೂ ಅಲ್ಲ, ಕಾರಂತರೇ ತಮ್ಮನ್ನು ಕಥೆಯೊಳಗೆ ನಿಲ್ಲಿಸಿಕೊಂಡಿದ್ದಾರೆ. ಸತ್ತವನು ತಿಂಗಳು ತಿಂಗಳೂ ಕೆಲವರಿಗೆ ಹಣ ಕಳುಹಿಸುತ್ತಿದ್ದುದು ತಿಳಿಯುತ್ತದೆ. ಇವರು ಯಾರು? ಏತಕ್ಕಾಗಿ ಹಣ? ಅದನ್ನು ತಿಳಿಯಲು ಸ್ನೇಹಿತನು ಊರಿಂದೂರಿಗೆ ಹೊರಡುತ್ತಾನೆ. ಸತ್ತ ಮನುಷ್ಯನೊಬ್ಬನ ಬಾಳನ್ನು ಬದುಕಿರುವವನು ಹಿಂದುಮುಂದಾಗಿ ಪ್ರಯಾಣ ಮಾಡುವಂತಹ ಕಥೆ. ಕನ್ನಡದಲ್ಲಿ ಇದಕ್ಕೆ ಸಾಟಿಯಾದ ಪ್ರಯಾಣವನ್ನು ನಾವು ಓದಿಲ್ಲ.

ಅವನ ಮನೆಯವರಲ್ಲಿ ಕೆಲವರಿಗೆ ಯಶವಂತರಾಯನು ಕೆಟ್ಟವನು, ಬಿಟ್ಟುಹೋದವನು. ಆದರೆ ಹಳ್ಳಿಯಲ್ಲಿ ಅವನನ್ನು ಸಾಕಿದ ಪಾರ್ವತಮ್ಮನೆಂಬ ಮುದುಕಿಗೆ ಅವನು ಮಗ. ಹೊರಗಿನಿಂದ ನೋಡಿದರೆ ಸೋತು ಹೋದ ಬಾಳು. ಒಳಗಿನಿಂದ ನೋಡಿದರೆ, ಲೋಕದಿಂದ ತಾನು ಪಡೆದುದು ಎಷ್ಟು, ಹಿಂದೆ ಕೊಟ್ಟುದು ಎಷ್ಟು ಎಂದು ಜಮೆ ಖರ್ಚು ಬರೆಯುತ್ತ, ಪಡೆದುದಕ್ಕಿಂತ ಕೊಟ್ಟುದು ಕಡಮೆಯಾಗಬಾರದೆಂದು ಹೆಣಗಿದ ಒಬ್ಬ ಗಟ್ಟಿ ಮನುಷ್ಯ. ಅವನು ಊರಿಗೆ ಮರಳಲಿಲ್ಲ. ಮುಂಬಯಿಯಲ್ಲಿ ಕುಳಿತೇ ಸಾಲವನ್ನು ತೀರಿಸುತ್ತ ಬಂದನು.

ಮನಿಯಾರ್ಡರಿನ ಕಾಲವನ್ನು ಕಂಡ ಹಳಬರು ನಮ್ಮಲ್ಲಿ ಇನ್ನೂ ಇದ್ದಾರೆ. ನಾವು ಗಲ್ಲಾದಲ್ಲಿ ಕುಳಿತಿರುತ್ತಿದ್ದ ವರ್ಷಗಳಲ್ಲಿ, ಸಂಬಳದ ಮರುದಿನ ಮಧ್ಯಾಹ್ನದ ಗಿರಾಕಿಗಳು ಚದುರಿದ ಬಳಿಕ, ಭಟ್ಟಿಯ ಮುಂದಿನಿಂದ ಎದ್ದುಬಂದ ಅಡಿಗೆಯವನೂ ಟೇಬಲ್ ಒರೆಸುವ ಹುಡುಗನೂ ಒಂದೇ ಸಾಲಿನಲ್ಲಿ ಅಂಚೆ ಕಚೇರಿಗೆ ನಡೆಯುತ್ತಿದ್ದರು. ಫಾರಮಿನ ಕೆಳಗಿನ ಅಂಗೈ ಅಗಲದ ಜಾಗದಲ್ಲಿ ಮನೆಯ ಎಲ್ಲ ಸಮಾಚಾರವನ್ನೂ ತುಂಬಬೇಕು. ತಂಗಿಯ ಮದುವೆ, ಗದ್ದೆಯ ಗೇಣಿ, ತಾಯಿಯ ಕಣ್ಣಿನ ಪೊರೆ, ಎಲ್ಲವೂ ಆ ಚೀಟಿಯಿಂದಲೇ ನಡೆದುವು. ಆ ಹುಡುಗರಲ್ಲಿ ಹಲವರು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು. ಅವರು ಬೆಳೆದರೋ ಇಲ್ಲವೋ ಎಂದು ಅಳೆಯುವವರು ಅವರ ಹೋಟೆಲು ಎಷ್ಟು ದೊಡ್ಡದಾಯಿತೆಂದು ಕೇಳುತ್ತಾರೆ. ಯಶವಂತರಾಯನ ಲೆಕ್ಕದ ಪುಸ್ತಕದಲ್ಲಿ ಆ ಕಾಲಮೇ ಇರಲಿಲ್ಲ.

ಕಾರಂತರಾದರೋ ತಾವು ಒಂದು ಕಡೆ ನಿಂತವರಲ್ಲ. 1950ರ ದಶಕದಲ್ಲಿ ಯೂರೋಪನ್ನು ಸುತ್ತಿ ಬಂದು ಅಪೂರ್ವ ಪಶ್ಚಿಮವೆಂಬ ಗ್ರಂಥವನ್ನು ಬರೆದರು. 1955ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬಡಗುತಿಟ್ಟಿನ ಭಾಗವತರ, ವೇಷಧಾರಿಗಳ, ಹಳೆಯ ತಾಳೆಗರಿಗಳ ಬೆನ್ನು 
ಹತ್ತಿ ಹಳ್ಳಿಗಳನ್ನು ಶೋಧಿಸಿ ಬರೆದ ಯಕ್ಷಗಾನ ಬಯಲಾಟವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮುಂದೆ ಯಕ್ಷರಂಗವೆಂಬ ತಂಡವನ್ನು ಕಟ್ಟಿ, ಮಾತಿಲ್ಲದ ಯಕ್ಷಗಾನವನ್ನು ವಿದೇಶಗಳಿಗೂ ಕೊಂಡೊಯ್ದರು. ಮಾತನ್ನು ಕಿತ್ತ ಯಕ್ಷಗಾನವು ನಮ್ಮ ಹಲವು ಅಭಿಮಾನಿಗಳಿಗೆ ಇಂದಿಗೂ ಒಪ್ಪಿಗೆಯಿಲ್ಲ. ಅರ್ಥಗಾರಿಕೆಯಿಲ್ಲದ ಆಟವು ಉಪ್ಪಿಲ್ಲದ ಸಾರೆಂದು ವಾದಿಸುವವರ ಪಕ್ಷದಲ್ಲಿ ನಾವೂ ಇದ್ದೇವೆ. ಆದರೆ ಮುಪ್ಪಿನಲ್ಲಿಯೂ ಗೆಜ್ಜೆ ಕಟ್ಟಿ ತಾವೇ ಕುಣಿದು ತೋರಿಸುತ್ತಿದ್ದವರೊಡನೆ ವಾದಿಸುವುದು ಸುಲಭವಾಗಿರಲಿಲ್ಲ.

ಇಷ್ಟು ತಿರುಗಿದವರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಮೂಕಜ್ಜಿಯ ಕನಸುಗಳು ಎಲ್ಲಿಗೂ ಹೋಗದ ಹೆಂಗಸಿನ ಕಥೆ. 1968ರ ಈ ಕಾದಂಬರಿಯ ಮೂಕಜ್ಜಿ ಬಾಲವಿಧವೆ. ಮನೆಯೇ ಅವಳ ಲೋಕ. ಮೊಮ್ಮಗ ಸುಬ್ಬರಾಯನು ತಂದುಕೊಟ್ಟ ಎಲುಬಿನ ಚೂರನ್ನೋ ಕಲ್ಲಿನ ತುಂಡನ್ನೋ ಅವಳು ಮುಟ್ಟಿದರೆ ಸಾವಿರಾರು ವರ್ಷಗಳ ಹಿಂದಿನ ಬಾಳು ಅವಳ ಕಣ್ಣ ಮುಂದೆ ಸುಳಿಯುತ್ತದೆ. ಪಿ. ಶೇಷಾದ್ರಿಯವರು 2019ರಲ್ಲಿ ಇದನ್ನೂ ತೆರೆಗೆ ತಂದರು, ಬಿ. ಜಯಶ್ರೀಯವರು ಮೂಕಜ್ಜಿಯಾದರು. ಕಾಲಿನಿಂದ ಮಾಡುವ ಪ್ರಯಾಣವೊಂದೇ ಪ್ರಯಾಣವಲ್ಲವೆಂದು, ಜೀವಮಾನವೆಲ್ಲ ಕಾಲು ಸವೆಸಿದವರೇ ಒಪ್ಪಿಕೊಂಡುದು ಸಣ್ಣ ಸಂಗತಿಯಲ್ಲ. ಹನ್ನೆರಡು ಗಂಟೆಗಳ ಕಾಲ ಒಂದೇ ಕಟ್ಟೆಯ ಮುಂದೆ ನಿಂತು ದೋಸೆ ಹುಯ್ಯುವವನಿಗೂ, ಒಂದೇ ಕುರ್ಚಿಯಲ್ಲಿ ಕುಳಿತು ಲೆಡ್ಜರು ಬರೆಯುವವನಿಗೂ ಆ ಅಜ್ಜಿ ಹತ್ತಿರದವಳು.

ಪ್ರಾಯ ಸಂದಂತೆ ಕಾರಂತರು ಮೆತ್ತಗಾಗಲಿಲ್ಲ. 1975ರಲ್ಲಿ ದೇಶದ ಮೇಲೆ ತುರ್ತು ಪರಿಸ್ಥಿತಿಯನ್ನು ಹೇರಿದುದನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಸುಮಾರು ನಾಲ್ಕು ದಶಕಗಳ ಪುತ್ತೂರಿನ ವಾಸವನ್ನು ಅವರು ಅಷ್ಟರಲ್ಲಾಗಲೇ ಮುಗಿಸಿ, ಕೋಟದ ಪಕ್ಕದ ಸಾಲಿಗ್ರಾಮದಲ್ಲಿ ನೆಲೆಸಿದ್ದರು. ಕಾದಂಬರಿಕಾರರು ತಾವೂ ಮರಳಿ ಮಣ್ಣಿಗೆ ಬಂದರೆನ್ನಲು ಅಡ್ಡಿಯಿಲ್ಲ. ಆದರೆ ಎಪ್ಪತ್ತು ವರ್ಷಗಳಷ್ಟು ಲೋಕವನ್ನು ಕಂಡ ಮೇಲೆ ಬಂದರು. ಅಲ್ಲಿಯೂ ಕೈ ಕಟ್ಟಿ ಕುಳಿತವರಲ್ಲ. ತೊಂಬತ್ತೈದರ ಅಂಚಿನಲ್ಲಿ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು.

1997ನೆಯ ಇಸವಿ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ಕೊನೆಯುಸಿರೆಳೆದರು. ಅದಾಗಿ ನಲವತ್ತೆಂಟು ದಿನಗಳಿಗೆ, 1998ರ ಜನವರಿ 26ರಂದು, ರೋಹಾದಿಂದ ಮಂಗಳೂರಿನವರೆಗಿನ ಕೊಂಕಣ ರೈಲುಮಾರ್ಗವು ಪೂರ್ತಿಯಾಗಿ ತೆರೆಯಿತು. ಬಾಲ್ಯದಲ್ಲಿ ಅವರು ದೋಣಿಯಿಂದ ದಾಟಿದ ಹೊಳೆಗಳ ಮೇಲೆ ಈಗ ಮತ್ಸ್ಯಗಂಧಾ ಗಾಡಿ ಓಡುತ್ತದೆ; ಥಾಣೆಯಲ್ಲಿಯೂ ಪನ್ವೇಲಿನಲ್ಲಿಯೂ ನಿಂತು ನಮ್ಮ ಜನರನ್ನು ಹತ್ತಿಸಿಕೊಳ್ಳುತ್ತದೆ. ಕಲ್ಯಾಣದವರು ಥಾಣೆಗೆ ಬಂದು ಹತ್ತಬೇಕು. ಬೇಸಗೆಯ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಕುಂದಾಪುರದಲ್ಲಿ ಇಳಿದರೆ ಕೋಟವೂ ಸಾಲಿಗ್ರಾಮವೂ ಉಡುಪಿಗೆ ಹೋಗುವ ಹೆದ್ದಾರಿಯ ಮೇಲೆಯೇ ಸಿಗುತ್ತವೆ. ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಪುತ್ತೂರಿನ ಬಾಲವನವನ್ನು ಅವರ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಹೋಗುವಾಗ ಗಾಡಿಯಲ್ಲಿ ಓದುವುದಕ್ಕೆ ಅಳಿದ ಮೇಲೆ ಕಾದಂಬರಿಯನ್ನು ಚೀಲದಲ್ಲಿ ಇಟ್ಟುಕೊಳ್ಳಬಹುದು, ದೊಡ್ಡ ಪುಸ್ತಕವಲ್ಲ.